ಚಪ್ಪಾಳೆಯಿಂದ ಮಕ್ಕಳ ಭಯ ಅಳೆಯಲಾಗದು

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2025ರಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿದ್ದದ್ದು ನಮ್ಮ ಕಲಬುರಗಿ ಜಿಲ್ಲೆ. ಹಾಗಾಗಿ ಪರೀಕ್ಷಾ ಭಯ ನಿವಾರಣೆಯ ಶಿಬಿರಗಳಿಗೆ ಇಲ್ಲಿ ಬರವಿಲ್ಲ. ನಡೆಸುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವುಗಳಿಂದ ಭಯ ಕಡಿಮೆಯಾಯಿತೇ ಎಂದು ತಿಳಿಯುವ ದಾರಿಯನ್ನೇ ನಾವು ಇಟ್ಟುಕೊಂಡಿಲ್ಲ.

ಸೇಡಂ ಕಡೆಯ ಶಾಲೆಯೊಂದರಲ್ಲಿ ಶಿಬಿರ ಮುಗಿದಾಗ ಅಭಿಪ್ರಾಯದ ಚೀಟಿ ಹಂಚಿದರು. ಒಬ್ಬ ಹುಡುಗಿ ಪಕ್ಕದವಳ ಚೀಟಿ ನೋಡಿಕೊಂಡು ‘ತುಂಬಾ ಉಪಯುಕ್ತ’ ಎಂಬಲ್ಲಿ ಗುರುತು ಹಾಕಿ, ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು. ವರದಿಗೆ ಸೇರುವುದು ಆ ಗುರುತು.

ಅಮೆರಿಕದಲ್ಲಿ 1939ರಲ್ಲಿ ಹುಡುಗರು ದಾರಿ ತಪ್ಪದಿರಲೆಂದು ವರ್ಷಗಟ್ಟಲೆ ನೆರವು ನೀಡುವ ಯೋಜನೆಯೊಂದು ಶುರುವಾಯಿತು. ಅದು ಮುಗಿದ ಸುಮಾರು ಮೂವತ್ತು ವರ್ಷಗಳ ನಂತರ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಆ ಹುಡುಗರನ್ನು ಹುಡುಕಿ ವಿಚಾರಿಸಿದರು. ಹೆಚ್ಚಿನವರು ‘ನಮಗೆ ಒಳ್ಳೆಯದಾಯಿತು’ ಎಂದರು. ಆದರೆ ನೆರವು ಸಿಗದ ಹುಡುಗರ ಜೊತೆ ಹೋಲಿಸಿದರೆ, ಸಿಕ್ಕವರ ಬದುಕೇ ಹಲವು ವಿಷಯಗಳಲ್ಲಿ ಕೆಟ್ಟಿತ್ತು.

ಪರೀಕ್ಷೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಭಯ ಅಳೆದರೂ ಸಾಲದು. ಪರೀಕ್ಷೆ ಮುಗಿದರೆ ಭಯ ತಾನಾಗಿಯೇ ಇಳಿಯುತ್ತದೆ. ಶಿಬಿರ ಸಿಗದ ಮಕ್ಕಳ ಜೊತೆ ಹೋಲಿಸಿಯೇ ನೋಡಬೇಕು. ಗೋವಾದಲ್ಲಿ ತೀವ್ರ ಖಿನ್ನತೆಯಿದ್ದವರಿಗೆ ತರಬೇತಿ ಪಡೆದ ಸಾಮಾನ್ಯ ಜನರೇ ಆಪ್ತಸಮಾಲೋಚನೆ ನೀಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಸಮಾಲೋಚನೆ ಪಡೆದವರಲ್ಲಿ ಶೇ. 64ರಷ್ಟು ಮಂದಿ ಚೇತರಿಸಿಕೊಂಡರು, ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ. 39. ಎರಡನೆಯ ಗುಂಪೇ ಇಲ್ಲದಿದ್ದರೆ ಪೂರ್ತಿ 64ನ್ನೂ ಸಮಾಲೋಚನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆವು.

ಅಳತೆಗೂ ಮೊದಲು ಮಕ್ಕಳನ್ನು ಮಾತಾಡಿಸಬೇಕು. ‘ಫೇಲಾದರೆ ಮದುವೆ ಮಾಡಿಬಿಡುತ್ತಾರೆ ಸರ್’ ಎನ್ನುವ ಹುಡುಗಿಗೆ ಉಸಿರಾಟದ ವ್ಯಾಯಾಮ ಎಷ್ಟರ ಮಟ್ಟಿಗೆ ನೆರವಾದೀತು? ಅವಳ ಶಿಬಿರದಲ್ಲಿ ತಂದೆತಾಯಿಯೂ ಕೂರಬೇಕು, ಫೇಲಾದರೂ ಮತ್ತೆ ಪರೀಕ್ಷೆ ಬರೆಯುವ ದಾರಿಯಿದೆ ಎಂದು ಅವರಿಗೂ ತಿಳಿಯಬೇಕು.

ಒಂದೇ ವರ್ಷದಲ್ಲಿ ಎಲ್ಲ ಶಾಲೆಗಳನ್ನು ಮುಟ್ಟಲು ಹೇಗೂ ಆಗುವುದಿಲ್ಲ. ಚೀಟಿ ಎತ್ತಿ ಅರ್ಧ ಶಾಲೆಗಳಿಗೆ ಈ ವರ್ಷ, ಉಳಿದವಕ್ಕೆ ಮುಂದಿನ ವರ್ಷ ಶಿಬಿರ ನಡೆಸಲಿ. ಎರಡೂ ಕಡೆ ಒಂದೇ ಪ್ರಶ್ನಾವಳಿಯನ್ನು ಒಂದೇ ವಾರದಲ್ಲಿ ಕೊಡಲಿ, ಕೆಲವು ತಿಂಗಳ ನಂತರ ಮತ್ತೆ ಕೇಳಲಿ. ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ ಎನ್ನುವವರಿದ್ದಾರೆ. ವಶೀಲಿಯ ಮೇಲೆ ಶಾಲೆ ಆರಿಸುವುದಕ್ಕಿಂತ ಚೀಟಿ ಎತ್ತುವುದು ನ್ಯಾಯ ಎಂಬುದೇ ನನ್ನ ಉತ್ತರ. ಈ ಸಲದ ಯೋಜನೆ ಬರೆಯುವಾಗಲೇ ಇದನ್ನು ಸೇರಿಸಿ ಎಂದು ಜಿಲ್ಲೆಯ ಶಿಕ್ಷಣಾಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ.