ಏಳನೇ ಕ್ಲಾಸಿನ ಘಟಿಕೋತ್ಸವ

ಮಾರ್ಚ್ ಮುಗಿಯುತ್ತಾ ಬಂತೆಂದರೆ ಹಾಸನದಲ್ಲಿ ಕಪ್ಪು ಗೌನಿನ ಸೀಸನ್ ಶುರುವಾಗುತ್ತದೆ. ಮೊದಲು ಬರುವುದು ಫ್ಲೆಕ್ಸು. ಸಾಲಗಾಮೆ ರಸ್ತೆಯಲ್ಲೋ ಬಿ.ಎಂ. ರಸ್ತೆಯಲ್ಲೋ ಲೈಟು ಕಂಬಕ್ಕೆ ಕಟ್ಟಿರುತ್ತಾರೆ. ಅದರಲ್ಲಿ ಒಂದು ಕ್ಲಾಸಿನಷ್ಟು ಮಕ್ಕಳು ಗೌನ್ ತೊಟ್ಟು, ತಲೆ ಮೇಲೆ ಚೌಕದ ಟೋಪಿ ಇಟ್ಟು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ ಹಿಡಿದು ನಿಂತಿರುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಹೆಮ್ಮೆಯ ಪದವೀಧರರು’. ಯಾವ ಕಾಲೇಜಪ್ಪಾ ಅಂತ ಗಾಡಿ ನಿಲ್ಲಿಸಿ ನೋಡಿದರೆ ಏಳನೇ ಕ್ಲಾಸು.

ಮೊದಲು ಇದು ಯುಕೆಜಿಗೆ ಮಾತ್ರ ಇತ್ತು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ವಯಸ್ಸಿನ ಮಗುವಿಗೆ ಕೃಷ್ಣನ ವೇಷ ಹಾಕುತ್ತೇವೆ, ಒನಕೆ ಓಬವ್ವನ ವೇಷ ಹಾಕುತ್ತೇವೆ, ಪದವೀಧರನ ವೇಷ ಹಾಕಿದರೆ ಗಂಟೇನು ಹೋಯಿತು? ಆದರೆ ಯುಕೆಜಿ ಪದವೀಧರರು ಬೆಳೆದರು. ಅವರ ಜೊತೆಗೆ ಗೌನಿನ ಉದ್ದವೂ ಬೆಳೆಯಿತು. ಈಗ ಹನ್ನೆರಡು ದಾಟಿದ, ದನಿ ಒಡೆಯುತ್ತಿರುವ ಹುಡುಗರು ಅದನ್ನು ತೊಟ್ಟು, ಅಕ್ಕಪಕ್ಕದ ಮನೆಯವರು ನೋಡದಿದ್ದರೆ ಸಾಕು ಎನ್ನುವ ಮುಖ ಮಾಡಿ ನಿಲ್ಲುತ್ತಾರೆ. ಫೋಟೋಗ್ರಾಫರ್ ಮಾತ್ರ ‘ಸ್ಮೈಲ್, ಸ್ಮೈಲ್’ ಅನ್ನುತ್ತಲೇ ಇರುತ್ತಾನೆ.

ಇದರಲ್ಲಿ ದೊಡ್ಡ ತಮಾಷೆ ಏನು ಗೊತ್ತಾ? ಈ ಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ಒಂದರಿಂದ ಹತ್ತರವರೆಗೆ ಅದೇ ಕಟ್ಟಡ, ಅದೇ ಗೇಟು, ಅದೇ ಹಳದಿ ವ್ಯಾನು. ಬೀಳ್ಕೊಡುಗೆ ಭಾಷಣದಲ್ಲಿ ಮೇಡಂ ಒಬ್ಬರು ‘ಗೂಡು ಬಿಟ್ಟು ಹಾರುವ ಹಕ್ಕಿಗಳೇ’ ಎಂದು ಗದ್ಗದರಾಗುತ್ತಾರೆ. ಹಕ್ಕಿಗಳು ಜೂನ್ ಬಂದಾಗ ಮೊದಲ ಮಹಡಿಯಿಂದ ಎರಡನೇ ಮಹಡಿಗೆ ಹಾರುತ್ತವೆ. ಮೆಟ್ಟಿಲು ಹತ್ತಿಕೊಂಡು. ಅತ್ತ ಮೇಡಮ್ಮೇ ಎಂಟನೇ ಕ್ಲಾಸಿಗೆ ಸಮಾಜ ತೆಗೆದುಕೊಳ್ಳುವವರು.

ಹಣದ ವಿಷಯ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತದೆ. ಗೌನ್ ಬಾಡಿಗೆ, ಟೋಪಿ, ಫ್ರೇಮ್ ಹಾಕಿದ ಫೋಟೋ, ತಿಂಡಿ ಎಲ್ಲ ಸೇರಿ ಒಂದು ತಿಂಗಳ ವ್ಯಾನ್ ಫೀಸಿನಷ್ಟು. ಕೆಳಗೆ ಒಂದು ಸಾಲು: ‘ಕಡ್ಡಾಯವಲ್ಲ. ಎಲ್ಲರೂ ಶುಕ್ರವಾರದೊಳಗೆ ಪಾವತಿಸುವುದು.’ ಒಂದು ಕ್ಷಣ ಗ್ರೂಪು ಮೌನ. ಆಮೇಲೆ ಯಾರೋ ಒಬ್ಬರು ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಉಳಿದವರೂ ಹಾಕುತ್ತಾರೆ. ಇದು ಯಾಕೆ ಬೇಕು ಅಂತ ಕೇಳಬೇಕು ಎಂದು ಎಲ್ಲರಿಗೂ ಅನ್ನಿಸಿರುತ್ತದೆ. ಆದರೆ ಕೇಳಿದವರ ಮಗು ಫೋಟೋದಲ್ಲಿ ಕೊನೇ ಸಾಲಿಗೆ ಹೋದರೆ?

ಗೌನಿನ ಬಗ್ಗೆ ಒಂದು ಮಾತು. ಇದು ಹುಟ್ಟಿದ್ದು ಯುರೋಪಿನ ಹಳೇ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿನ ಕಲ್ಲಿನ ಕಟ್ಟಡಗಳಲ್ಲಿ ಚಳಿಗೆ ಉದ್ದನೆಯ ನಿಲುವಂಗಿ ಬೇಕಿತ್ತು. ನಮ್ಮಲ್ಲಿ ಏಪ್ರಿಲ್ ಮೊದಲ ವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಶಾಮಿಯಾನದ ಕೆಳಗೆ, ಪಾಲಿಯೆಸ್ಟರು. ಒಳಗೆ ಯೂನಿಫಾರ್ಮು ಟೈ ಸಮೇತ ಇರಬೇಕು ಅಂತ ಬೇರೆ ಸೂಚನೆ.

ಅತ್ತ ನಿಜವಾದ ಪದವಿ ಕೊಡುವವರು ಇದನ್ನು ಬಿಚ್ಚಿಡುತ್ತಿದ್ದಾರೆ. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಏಮ್ಸ್ ಸೇರಿದಂತೆ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಪತ್ರ ಬರೆಯಿತು. ಕಪ್ಪು ಗೌನು, ಕಪ್ಪು ಟೋಪಿ ಬ್ರಿಟಿಷರ ಕಾಲದ ಪಳೆಯುಳಿಕೆ, ಘಟಿಕೋತ್ಸವಕ್ಕೆ ನಿಮ್ಮ ನಿಮ್ಮ ರಾಜ್ಯದ ಸಂಪ್ರದಾಯಕ್ಕೆ ಒಪ್ಪುವ ಉಡುಪು ಮಾಡಿಕೊಳ್ಳಿ ಎಂದಿತು. ಡಾಕ್ಟರುಗಳು ಕಳಚಿಟ್ಟ ಗೌನುಗಳೆಲ್ಲ ಎಲ್ಲಿಗೆ ಬಂದವು ಅಂತ ಈಗ ಅರ್ಥವಾಯಿತಲ್ಲ.

ಸರಿ, ಗೌನು ಹೋಗಲಿ. ಪದವಿ ಯಾವ ಸಾಧನೆಗೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಏಳನೇ ಕ್ಲಾಸಿನಲ್ಲಿ ಯಾರನ್ನೂ ಫೇಲ್ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲೂ ರಾಜ್ಯಗಳಿಗೆ ಫೇಲ್ ಮಾಡುವ ಅವಕಾಶ ಸಿಕ್ಕಿದ್ದು ಐದಕ್ಕೆ ಮತ್ತು ಎಂಟಕ್ಕೆ ಮಾತ್ರ. ಅಂದರೆ ಏಳನೇ ಕ್ಲಾಸನ್ನು ಪಾಸು ಮಾಡಲು ಮಗು ಮಾಡಬೇಕಾದ ಕೆಲಸ ಆರನೇ ಕ್ಲಾಸನ್ನು ಮುಗಿಸಿರುವುದು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಪ್ರಾಥಮಿಕ ಶಿಕ್ಷಣ ಮುಗಿಸಿದ ಪ್ರತಿ ಮಗುವಿಗೂ ಪ್ರಮಾಣಪತ್ರ ಕೊಡಬೇಕು ಅಂತ. ಯಾವಾಗ? ಎಂಟನೇ ಕ್ಲಾಸು ಮುಗಿದ ಮೇಲೆ. ಕಾನೂನು ಪ್ರಮಾಣಪತ್ರ ಕೊಡಿ ಎಂದ ವರ್ಷ ಗೌನಿಲ್ಲ, ಟೋಪಿ ಇಲ್ಲ, ಶಾಮಿಯಾನ ಇಲ್ಲ.

ಎಂಟನೇ ಕ್ಲಾಸಿನವರ ಕತೆ ಕೇಳಿದರೆ ಅವರಿಗೇ ಗೌನು ಹಾಕಬೇಕು ಅನ್ನಿಸುತ್ತದೆ, ಅದೂ ವಕೀಲರ ಗೌನು. 2024ನ್ನು ನೆನಪಿಸಿಕೊಳ್ಳಿ. ಐದು, ಎಂಟು, ಒಂಬತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಅಂತ ಸರ್ಕಾರ ಹೇಳಿತು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಎಂದಿತು. ಮರುದಿನವೇ ವಿಭಾಗೀಯ ಪೀಠ ನಡೆಸಿ ಎಂದಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿ ಎಂದಿತು. 22ಕ್ಕೆ ಹೈಕೋರ್ಟ್ ಮತ್ತೆ ಸರಿ ಎಂದಿತು, 25ರಿಂದ ಉಳಿದ ಪೇಪರ್ ಬರೆದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಆ ತಿಂಗಳು ಮಕ್ಕಳು ಬೆಳಿಗ್ಗೆ ಎದ್ದು ಪುಸ್ತಕ ತೆಗೆಯುವ ಮೊದಲು ಟಿವಿ ಹಾಕುತ್ತಿದ್ದರು. ಇವತ್ತು ಗಣಿತವೋ, ಮೇಲ್ಮನವಿಯೋ? ವಿಭಾಗೀಯ ಪೀಠ, ತಡೆಯಾಜ್ಞೆ, ವಿಚಾರಣೆ ಮುಂದೂಡಿಕೆ ಎಲ್ಲವೂ ಪಠ್ಯದ ಹೊರಗೇ ಬಾಯಿಪಾಠ ಆದವು. ಅವರನ್ನು ಪದವೀಧರರು ಅಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

ಈಗ ಕಾರ್ಯಕ್ರಮಕ್ಕೆ ಬರೋಣ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಅದೂ ಹೇಳಿದ ದಿನಕ್ಕೆ ಸರಿಯಾಗಿ. ಮುಖ್ಯ ಅತಿಥಿಗಳ ದರ್ಶನವೂ ಶಾಲೆಗೆ ವರ್ಷಕ್ಕೊಮ್ಮೆಯೇ, ಆದರೆ ಹೇಳಿದ ಹೊತ್ತಿಗಲ್ಲ. ಅಲ್ಲಿಯವರೆಗೆ ಪದವೀಧರರು ಗೌನಿನೊಳಗೆ ಬೇಯುತ್ತಾರೆ. ‘ಅತಿಥಿಗಳು ಚನ್ನರಾಯಪಟ್ಟಣ ಬಿಟ್ಟಿದ್ದಾರೆ’ ಎಂದು ಮೈಕಿನಲ್ಲಿ ಹೇಳುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಹೇಳುತ್ತಾರೆ. ನಡುವೆ ಹೊತ್ತು ಕಳೆಯಲು ಆರನೇ ಕ್ಲಾಸಿನ ಹುಡುಗಿಯರ ಡ್ಯಾನ್ಸು. ಒಂದು ಸಲ ಮುಗಿದು, ಇನ್ನೊಂದು ಸಲವೂ ಮುಗಿಯುತ್ತದೆ.

ಅಂತೂ ಬಂದ ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಭಾಷಣ. ಅವರು 2019ರಲ್ಲಿ ಶುರು ಮಾಡುತ್ತಾರೆ. ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ನಿಜ, ಹೆಮ್ಮೆಯ ವಿಷಯವೇ. ಅದು ಯಾರಿಂದ ಬಂತು ಅಂತ ಆಗ ದೊಡ್ಡವರ ನಡುವೆ ಎಳೆದಾಟ ಆಗಿದ್ದೂ ನಿಜ. ಪರೀಕ್ಷೆ ಬರೆದ ಮಕ್ಕಳ ಹೆಸರು ಆ ಎಳೆದಾಟದಲ್ಲಿ ಕೇಳಿಸಿದ ನೆನಪಿಲ್ಲ. ಅದಾದ ಮೇಲೆ ಮೊದಲ ಸ್ಥಾನ ಬೇರೆ ಜಿಲ್ಲೆಗಳ ಕಡೆಗೂ ಓಡಾಡಿಕೊಂಡಿದೆ. ನಮ್ಮ ಅತಿಥಿಗಳ ಭಾಷಣ ಮಾತ್ರ 2019ರಲ್ಲೇ ನಿಂತಿದೆ.

ಭಾಷಣದಲ್ಲಿ ಹೇಳದೇ ಬಿಟ್ಟಿದ್ದು ಇನ್ನೊಂದಿದೆ. ನಮ್ಮ ಜಿಲ್ಲೆಗೆ ಒಂದು ನಿಜವಾದ ವಿಶ್ವವಿದ್ಯಾಲಯ ಬಂದಿತ್ತು. ಹೇಮಗಂಗೋತ್ರಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರವೇ ಹಾಸನ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವುದು ಒಳ್ಳೆಯದು ಅಂದಾಗ ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಕಾರಣ, ದುಡ್ಡಿಲ್ಲ. ಗೌನ್ ತೊಡಿಸುವ ಹಕ್ಕಿರುವ ಸಂಸ್ಥೆ ಉಳಿಯುತ್ತೋ ಇಲ್ಲವೋ ಅಂತ ಚರ್ಚೆ ನಡೆದ ಊರಿನಲ್ಲಿ, ಅದೇ ಗೌನಿಗೆ ಗಲ್ಲಿಗೊಂದು ಶಾಮಿಯಾನ. ಉಪಸಮಿತಿಯವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕಿತ್ತು. ಗೌನು, ಫೋಟೋ, ಫ್ರೇಮ್ ಲೆಕ್ಕದಲ್ಲಿ ಒಂದು ವಿಶ್ವವಿದ್ಯಾಲಯ ನಡೆಸುವುದು ಹೇಗೆ ಅಂತ ನಮ್ಮ ಶಾಲೆಗಳ ಅಕೌಂಟೆಂಟುಗಳೇ ಹೇಳಿಕೊಡುತ್ತಿದ್ದರು.

ಪದವಿ ಪ್ರದಾನ. ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸಿದರೆ ಪದವಿ ಬಂತು ಅಂತ ಲೆಕ್ಕ. ಅತಿಥಿಗಳು ಒಬ್ಬೊಬ್ಬರದನ್ನೂ ಮುತುವರ್ಜಿಯಿಂದ ಎಡದಿಂದ ಬಲಕ್ಕೆ ಸರಿಸಿದರು. ನಿಯಮದ ಪ್ರಕಾರ ಮಕ್ಕಳು ವೇದಿಕೆ ಹತ್ತಿ ಪದವಿ ಕಳೆದುಕೊಂಡು ಇಳಿದರು. ಕೈಗೆ ಕೊಟ್ಟ ಸುರುಳಿಯ ರಿಬ್ಬನ್ ಬಿಚ್ಚಿದರೆ ಒಳಗೆ ಖಾಲಿ ಹಾಳೆ. ಗಾಬರಿಯಾಗಬೇಡಿ, ಅದು ಫೋಟೋಗೆ. ಅಸಲಿ ಅಂಕಪಟ್ಟಿ ಆಫೀಸಿನಲ್ಲಿದೆ, ಬಾಕಿ ಇದ್ದರೆ ಕ್ಲಿಯರ್ ಮಾಡಿ ತಗೊಳ್ಳಿ.

ಆಮೇಲೆ ಪ್ರಶಸ್ತಿಗಳು. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲರಿಗೂ ಒಂದೊಂದು. ಗಣಿತದಲ್ಲಿ ಮೊದಲು ಬಂದ ಹುಡುಗಿಗೆ ಒಂದು ಶೀಲ್ಡು. ‘ಬೆಸ್ಟ್ ಸ್ಮೈಲ್’ಗೆ ಅದೇ ಸೈಜಿನ ಶೀಲ್ಡು. ‘ಬೆಸ್ಟ್ ಹೇರ್‌ಕಟ್’ ಬಂದವನು ಟೋಪಿ ತೆಗೆಯದೇ ಅದನ್ನು ಸ್ವೀಕರಿಸಿದ. ಮಧ್ಯಾಹ್ನದ ಹೊತ್ತಿಗೆ ಪ್ರಶಸ್ತಿಗಳ ಹೆಸರು ಮುಗಿದು, ಮಕ್ಕಳು ಇನ್ನೂ ಉಳಿದಿದ್ದರು. ಕೊನೆಯ ಮೂವರಿಗೆ ‘ಬೆಸ್ಟ್ ಸ್ಟೂಡೆಂಟ್’ ಕೊಟ್ಟು ಮುಗಿಸಿದರು.

ಕೊನೆಗೆ ಟೋಪಿ ಎಸೆತ. ಎಲ್ಲರೂ ಒಟ್ಟಿಗೆ ಮೇಲಕ್ಕೆ ಎಸೆಯಬೇಕು, ಡ್ರೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಆದರೆ ಟೋಪಿ ಬಾಡಿಗೆಯದ್ದು, ಕಳೆದರೆ ದಂಡ. ಪಿಟಿ ಮೇಷ್ಟ್ರು ಸೀಟಿ ಊದಿ ಸ್ಪಷ್ಟವಾಗಿ ಹೇಳಿದರು: ‘ಎಲ್ರೂ ಜೋರಾಗಿ ಎಸೀಬೇಕು. ಆದ್ರೆ ಯಾರೂ ಕೈ ಬಿಡಬಾರ್ದು.’

ಆಲೂರು ಕಡೆಯಿಂದ ಮೊಮ್ಮಗನ ಪದವಿ ನೋಡಲು ಬಂದಿದ್ದ ತಾತ ಒಬ್ಬರು ನನ್ನ ಪಕ್ಕದಲ್ಲೇ ಕೂತಿದ್ದರು. ಹುಡುಗ ಓಡಿ ಬಂದು ಕಾಲಿಗೆ ಬಿದ್ದ.

‘ಏನ್ ಮಗಾ, ಓದು ಮುಗೀತಾ?’

‘ಇಲ್ಲ ತಾತ. ಇನ್ನು ಎಂಟನೇ ಕ್ಲಾಸು.’

‘ಮತ್ತೆ ಈ ಕರಿ ಕೋಟು ಯಾಕ್ಲಾ? ಲಾಯ್ರು ಆದ್ಯಾ?’

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಮೊಬೈಲ್ ನೋಡಿದರು. ತಾತನೇ ಸಮಾಧಾನ ಮಾಡಿಕೊಂಡರು. ‘ಇರ್ಲಿ ಬಿಡು. ನಮ್ಮ ಪಹಣಿ ಕೇಸು ಅಷ್ಟು ಬೇಗ ಮುಗಿಯಲ್ಲ. ನೀನು ಓದಿ ಬರೋ ಹೊತ್ತಿಗೆ ಇನ್ನೂ ನಡೀತಿರ್ತದೆ.’

ಇಡೀ ಸಮಾರಂಭದಲ್ಲಿ ಗೌನಿನಿಂದ ಏನಾದರೂ ಉಪಯೋಗ ಇದೆ ಅಂತ ಯೋಚಿಸಿದವರು ಅವರೊಬ್ಬರೇ.

ಸುಮ್ನೆ ಖಾಸಗಿಯವರನ್ನೇ ಆಡಿಕೊಂಡರೆ ತಪ್ಪಾಗುತ್ತದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನ ಕಡೆ ಏಳನೇ ಕ್ಲಾಸು ನಿಜವಾಗಿಯೂ ಕೊನೇ ಕ್ಲಾಸು. ಎಂಟಕ್ಕೆ ಬೇರೆ ಊರಿನ ಹೈಸ್ಕೂಲು, ಬಸ್ ಪಾಸು, ಗೊತ್ತಿಲ್ಲದ ಮೇಷ್ಟ್ರುಗಳು. ಅಳುವುದಕ್ಕೆ ಕಾರಣ ಇರುವುದೇ ಅಲ್ಲಿ. ಅಲ್ಲಿ ಚಿತ್ರಾನ್ನ, ಕೇಸರಿಬಾತು, ಒಂದು ಗ್ರೂಪ್ ಫೋಟೋ. ಮಕ್ಕಳೇ ದುಡ್ಡು ಹಾಕಿ ಶಾಲೆಗೆ ಒಂದು ಗೋಡೆ ಗಡಿಯಾರ ಕೊಡುತ್ತಾರೆ. ಪ್ರತಿ ವರ್ಷದ ಬ್ಯಾಚೂ ಗಡಿಯಾರವನ್ನೇ ಕೊಟ್ಟು ಆಫೀಸ್ ರೂಮಿನ ಗೋಡೆ ತುಂಬಿದೆ. ಸೆಲ್ ಹಾಕಲು ಯಾವ ಅನುದಾನದಲ್ಲೂ ದಾರಿಯಿಲ್ಲ, ಹಾಗಾಗಿ ಒಂದೊಂದು ಬ್ಯಾಚಿಗೆ ಒಂದೊಂದು ಟೈಮು.

ಏಪ್ರಿಲ್ 10ಕ್ಕೆ ಫಲಿತಾಂಶ, ಪೋಷಕರ ಸಭೆ. ಅದರ ಫೋಟೋ ಲೊಕೇಶನ್ ಸಮೇತ ಕಳಿಸಬೇಕು. ಸಭೆ ನಡೆಯದಿದ್ದರೂ ನಡೆಯುತ್ತದೆ, ಫೋಟೋ ಇಲ್ಲದಿದ್ದರೆ ನಡೆದಿಲ್ಲ. ಅಷ್ಟರೊಳಗೆ ಅಂಕಗಳೆಲ್ಲ ಎಸ್‌ಎಟಿಎಸ್‌ಗೆ, ಅಂದರೆ ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ಏರಬೇಕು. ಮಗು ಕಣ್ಣೊರೆಸಿಕೊಂಡು ‘ಹೋಗ್ಬರ್ತೀನಿ ಮಿಸ್’ ಅಂದರೆ, ‘ತಾಳು ಪುಟ್ಟಾ, ಸರ್ವರ್ ಬಂತು’ ಅಂತ ಮಿಸ್ಸು ಲ್ಯಾಪ್‌ಟಾಪಿನಿಂದ ತಲೆ ಎತ್ತುವುದಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಾತಿ ಸಮೀಕ್ಷೆ ಶುರುವಾದಾಗ ಮನೆಮನೆ ತಿರುಗಿದವರು ಇವರೇ. ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದಿದ್ದರು. ಹೋದ ಪಾಠಗಳನ್ನು ಹಿಡಿದು ತರುವುದು, ಸರ್ವರ್ ಹಿಡಿಯುವುದು ಎರಡೂ ಅವರದೇ ಕೆಲಸ.

ಮತ್ತೆ ನಮ್ಮ ಪದವೀಧರರ ಕಡೆ ಬಂದರೆ, ಸಮಾರಂಭ ಆದ ಮರುದಿನವೇ ಹೊಸ ಫ್ಲೆಕ್ಸು ಸಿದ್ಧ. ಅದೇ ಫೋಟೋ, ಕೆಳಗೆ ‘ಪ್ರವೇಶ ಆರಂಭವಾಗಿದೆ’. ಗೌನು ಯಾಕೆ ಬೇಕಿತ್ತು ಅಂತ ತಲೆ ಕೆರೆದುಕೊಳ್ಳುತ್ತಿದ್ದ ಪೋಷಕರಿಗೆ ಆಗ ಗೊತ್ತಾಗುತ್ತದೆ. ತಾವು ಬಾಡಿಗೆ ಕಟ್ಟಿದ್ದು ಮಗುವಿನ ಬಟ್ಟೆಗಲ್ಲ, ಶಾಲೆಯ ಜಾಹೀರಾತಿಗೆ.

ಪರಿಚಯದ ಒಬ್ಬರಿಗೆ ಈ ಸಲ ಫೀಸು ಕಷ್ಟವಾಯಿತು. ಮಗನನ್ನು ಎಂಟನೇ ಕ್ಲಾಸಿಗೆ ಸರ್ಕಾರಿ ಹೈಸ್ಕೂಲಿಗೆ ಸೇರಿಸೋಣ ಅಂತ ಟಿಸಿ ಕೇಳಲು ಹೋದರು. ಹೇಗೂ ಅದ್ದೂರಿಯಾಗಿ ಬೀಳ್ಕೊಟ್ಟಿದ್ದಾರೆ, ತಡ ಆಗಲಿಕ್ಕಿಲ್ಲ ಅಂದುಕೊಂಡಿದ್ದರು. ಆಫೀಸಿನವರು ಕಂಪ್ಯೂಟರ್ ನೋಡಿ, ಮುಂದಿನ ವರ್ಷದ ಮೊದಲ ಕಂತು ಬಾಕಿ ತೋರಿಸ್ತಿದೆ, ಕಟ್ಟಿ ಟಿಸಿ ತಗೊಳ್ಳಿ ಎಂದರು.

‘ಅಲ್ಲ ಮೇಡಂ, ಮೊನ್ನೆ ತಾನೆ ಗ್ರಾಜುಯೇಷನ್ ಮಾಡಿ ಕಳಿಸಿಕೊಟ್ರಲ್ಲ?’

‘ಕಳಿಸಿಕೊಟ್ವಿ ಸಾರ್. ಹೋಗಿ ಅಂತ ಹೇಳಿಲ್ಲವಲ್ಲ.’