ಗಿಡಮರಗಳ ನೆಂಟಸ್ತಿಕೆ

ಉದ್ಯಾನದ ಮರಗಳಿಗೆ ತೂಗುಹಾಕಿದ ಫಲಕಗಳಲ್ಲಿ ಕನ್ನಡದ ಹೆಸರನ್ನು ಓದಿ, ಅದರ ಕೆಳಗಿನ ಓರೆ ಅಕ್ಷರದ ಸಾಲನ್ನು ನೋಡಿಯೂ ನೋಡದಂತೆ ಮುಂದೆ ಹೋಗುವುದು ಬಹುಪಾಲು ಜನರ ರೂಢಿ. ಆ ಸಾಲು ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಇರುವಂಥದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನಗಾದರೋ ಫಲಕದ ಸ್ವಾರಸ್ಯವೆಲ್ಲ ಅಲ್ಲಿಯೇ ಇರುವಂತೆ ತೋರುತ್ತದೆ. ಮದುವೆಮನೆಯಲ್ಲಿ ಹೊಸ ಮುಖವೊಂದನ್ನು ಕಂಡ ಹಿರಿಯಜ್ಜಿ ಹೆಸರು ಕೇಳಿ ಸುಮ್ಮನಾಗುವುದಿಲ್ಲ, “ಯಾರ ಪೈಕಿಯಮ್ಮ ನೀನು?” ಎಂದು ಕೇಳಿ, ಉತ್ತರ ಸಿಕ್ಕ ಮೇಲೆಯೇ ಎಲೆ ಅಡಿಕೆಯ ಕಡೆಗೆ ಗಮನ ಕೊಡುತ್ತಾಳೆ. ಗಿಡದ ವೈಜ್ಞಾನಿಕ ಹೆಸರು ಉತ್ತರಿಸುವುದು ಸರಿಯಾಗಿ ಆ ಪ್ರಶ್ನೆಗೇ. ಅದರ ಮೊದಲ ಪದ ಕುಲವನ್ನು ಹೇಳುತ್ತದೆ. ಎರಡನೆಯದು ಆ ಕುಲದೊಳಗೆ ಇದು ಯಾವುದು ಎಂಬುದನ್ನು ತಿಳಿಸುತ್ತದೆ.

ಆಲೂಗಡ್ಡೆಯು ಸೊಲಾನಮ್ ಟ್ಯೂಬರೋಸಮ್, ಬದನೆಯು ಸೊಲಾನಮ್ ಮೆಲೊಂಜಿನಾ, ಟೊಮೆಟೊ ಸೊಲಾನಮ್ ಲೈಕೋಪರ್ಸಿಕಮ್. ಒಂದು ನೆಲದೊಳಗಿನ ಗಡ್ಡೆ, ಇನ್ನೊಂದು ಪಲ್ಯದ ಕಾಯಿ, ಮತ್ತೊಂದು ಸಾರಿನ ಹಣ್ಣು. ಅಡುಗೆಮನೆಯ ಬುಟ್ಟಿಯಲ್ಲಿ ನೋಡಿದರೆ ಇವುಗಳಿಗೆ ಯಾವ ಸಂಬಂಧವೂ ಕಾಣದು. ಆದರೆ ಹಿತ್ತಲಿಗೆ ಹೋಗಿ ಹೂವನ್ನು ನೋಡಿದವರಿಗೆ ಗುಟ್ಟು ತಿಳಿಯುತ್ತದೆ: ಐದು ಮೂಲೆಯ ನಕ್ಷತ್ರದಂಥ ದಳಗಳು, ನಡುವೆ ಒತ್ತಾಗಿ ನಿಂತ ಹಳದಿ ಕೇಸರಗಳು, ಮೂರರಲ್ಲಿಯೂ ಒಂದೇ ಮುಖಲಕ್ಷಣ. ಸ್ವಲ್ಪ ದೂರದ ದಾಯಾದಿಗಳಾಗಿ ಮೆಣಸಿನಕಾಯಿ, ಹೊಗೆಸೊಪ್ಪು ಮತ್ತು ಉಮ್ಮತ್ತಿ ಇದೇ ಕುಟುಂಬಕ್ಕೆ ಸೇರುತ್ತವೆ. ಊಟದ ಎಲೆಗೆ ಬರುವವರೂ ವಿಷವೆಂದು ದೂರ ಇಡಬೇಕಾದವರೂ ಒಂದೇ ಮನೆತನದಲ್ಲಿ ಹುಟ್ಟುವುದು ಗಿಡಗಳಿಗೆ ಮಾತ್ರ ಸೀಮಿತವಾದ ಸಂಗತಿಯೇನಲ್ಲ.

ಊರಿನ ಹೆಸರುಗಳಿರುವಾಗ ಲ್ಯಾಟಿನ್ ಏಕೆ ಬೇಕು ಎಂದು ಕೇಳುವವರಿಗೆ ಬನ್ನಿಯ ಮರವನ್ನು ತೋರಿಸಿದರೆ ಸಾಕು. ಕನ್ನಡದಲ್ಲಿ ಬನ್ನಿ ಎನಿಸಿಕೊಳ್ಳುವ ಮರಗಳು ಎರಡಿವೆ; ಒಂದು ಪ್ರೊಸೋಪಿಸ್ ಸಿನರೇರಿಯಾ, ಇನ್ನೊಂದು ಬಹುಕಾಲ ಅಕೇಶಿಯಾ ಎಂಬ ಕುಲದಲ್ಲಿದ್ದು ಈಗ ಸೆನೆಗಾಲಿಯಾ ಎನಿಸಿರುವ ಬೇರೆಯೇ ಮರ. ವಿಜಯದಶಮಿಯ ಪೂಜೆಗೆ ಎರಡೂ ಸಲ್ಲುತ್ತವೆ, ಪಾಂಡವರ ಆಯುಧಗಳ ಕಥೆಯೂ ಎರಡಕ್ಕೂ ಒಪ್ಪುತ್ತದೆ. ಆದರೆ ಔಷಧಕ್ಕೆ ತೊಗಟೆ ತರಲು ಹೊರಟವನಿಗೆ ಈ ಉದಾರತೆ ಅನುಕೂಲವಲ್ಲ.

ಎರಡು ಪದಗಳ ಈ ಪದ್ಧತಿಯನ್ನು ಸಸ್ಯಲೋಕದಲ್ಲಿ ನೆಲೆಗೊಳಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಅವನಿಗಿಂತ ಮೊದಲು ಗಿಡದ ಹೆಸರೆಂದರೆ ಅದರ ಎಲೆ, ಕಾಂಡ, ಹೂವುಗಳನ್ನೆಲ್ಲ ಬಣ್ಣಿಸುವ ಉದ್ದನೆಯ ಲ್ಯಾಟಿನ್ ವಾಕ್ಯಖಂಡವಾಗಿತ್ತು. ಅವನು ಗಿಡಗಳನ್ನು ಕೇಸರಗಳ ಎಣಿಕೆಯನ್ನೇ ಮುಖ್ಯವಾಗಿಸಿಕೊಂಡು 24 ವರ್ಗಗಳಾಗಿ ಹಂಚಿ, ಹೂವನ್ನು ದಾಂಪತ್ಯದ ಕೋಣೆಯಂತೆ ವರ್ಣಿಸಿದ್ದು ಕೆಲವು ಸಭ್ಯರನ್ನು ಕೆರಳಿಸಿತು. ಹಾಗೆ ಕೆರಳಿದ ಸೀಗೆಸ್‌ಬೆಕ್ ಎಂಬ ವಿದ್ವಾಂಸನ ಹೆಸರು ಇಂದಿಗೂ ಸೀಗೆಸ್‌ಬೆಕಿಯಾ ಎಂಬ ಅಂಟುವ ಕಳೆಗಿಡದ ಮೇಲೆ ಉಳಿದಿದೆ. ಇಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಕೇಸರ ಎಣಿಸುವ ಆ ವರ್ಗೀಕರಣ ಮುಂದೆ ಬಿದ್ದುಹೋಯಿತು, ಹೆಸರುಗಳು ಮಾತ್ರ ನಿಂತವು.

ಅವನು 1753ರಲ್ಲಿ ಪ್ರಕಟಿಸಿದ ಗ್ರಂಥವೇ ಇಂದಿನ ಸಸ್ಯನಾಮಗಳ ಲೆಕ್ಕದ ಮೊದಲ ಪುಟ. ಒಂದು ಗಿಡಕ್ಕೆ ಎರಡು ಹೆಸರು ಬಿದ್ದಿದ್ದರೆ ಮೊದಲು ಪ್ರಕಟವಾದದ್ದಕ್ಕೇ ಮನ್ನಣೆ ಎಂಬುದು ನಿಯಮ, ಮತ್ತು ಈ ನಿಯಮಕ್ಕೆ ಭಕ್ತಿಯ ಮುಲಾಜಿಲ್ಲ. ನಮ್ಮ ತುಳಸಿಯನ್ನು ಲಿನೇಯಸ್ 1753ರಲ್ಲಿ ಓಸಿಮಮ್ ಟೆನುಯಿಫ್ಲೋರಮ್, ಅಂದರೆ ಸಪೂರ ಹೂವಿನದು, ಎಂದು ಕರೆದ. 1767ರಲ್ಲಿ ಅದಕ್ಕೇ ಓಸಿಮಮ್ ಸ್ಯಾಂಕ್ಟಮ್, ಅಂದರೆ ಪವಿತ್ರವಾದದ್ದು, ಎಂದೂ ಹೆಸರಿಟ್ಟ. ಎರಡನೆಯದು ಎಷ್ಟೇ ಯೋಗ್ಯವಾಗಿದ್ದರೂ 14 ವರ್ಷ ತಡವಾಗಿ ಬಂದದ್ದರಿಂದ ಸಿಂಧುವಾಗಲಿಲ್ಲ. ಔಷಧದ ಶೀಶೆಗಳ ಮೇಲೆ ಇಂದಿಗೂ ಹಳೆಯ ಸ್ಯಾಂಕ್ಟಮ್ ಕಾಣಿಸಿಕೊಳ್ಳುತ್ತದೆ, ಮತ್ತು ನಿಯಮಕ್ಕೆ ವಿರುದ್ಧವಾದರೂ ಅದನ್ನು ಕಂಡಾಗ ನನಗೆ ಬೇಸರವಾಗುವುದಿಲ್ಲ.

ಹೆಸರಿನ ರೂಪ ಲ್ಯಾಟಿನ್ ಆಗಿರಬೇಕೇ ಹೊರತು ಬೇರು ಎಲ್ಲಿಯದಾದರೂ ನಡೆಯುತ್ತದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ನೀರಿನಿಂದ ಮೇಲೆತ್ತಿಕೊಂಡು ನಿಂತಿರುವ ಜವುಗಿನಲ್ಲಿ, ಗೇರಿನ ಸಂಬಂಧಿಯಾದ ಒಂದು ಮರ ಕಂಡುಬಂದು, 2000ನೇ ಇಸವಿಯಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ನಾಮಕರಣವಾಯಿತು. ಲ್ಯಾಟಿನ್ನಿನ ಪ್ರತ್ಯಯ ಹಚ್ಚಿಕೊಂಡ ಮಲೆನಾಡಿನ ಊರೊಂದು ಹೀಗೆ ಜಗತ್ತಿನ ಸಸ್ಯಸಂಗ್ರಹಾಲಯಗಳ ದಾಖಲೆಗೆ ಸೇರಿತು.

ಸಸ್ಯಶಾಸ್ತ್ರಜ್ಞರು ಹೆಸರುಗಳನ್ನು ಬದಲಾಯಿಸುತ್ತಲೇ ಇರುತ್ತಾರೆ ಎಂಬುದು ಅವರ ಮೇಲಿರುವ ದೊಡ್ಡ ದೂರು. ಬಾಯಿಪಾಠ ಮಾಡಿದವರ ಸಂಕಟ ನಿಜವೇ. ಆದರೆ ಬದಲಾದದ್ದು ಮೊದಲ ಪದವಾಗಿದ್ದರೆ ಅಲ್ಲಿ ಬಹುಮಟ್ಟಿಗೆ ನೆಂಟಸ್ತಿಕೆಯ ಮರುವಿಚಾರಣೆಯೊಂದು ನಡೆದಿರುತ್ತದೆ. ಸಂಪಿಗೆಯು ಮೈಕೇಲಿಯಾ ಚಂಪಕ ಎಂಬ ಹೆಸರಿನಲ್ಲಿ ಇಟಲಿಯ ಮಿಕೇಲಿ ಎಂಬ ಸಸ್ಯಶಾಸ್ತ್ರಜ್ಞನ ಮನೆಯಲ್ಲಿತ್ತು. ಆ ಕುಲವು ಮ್ಯಾಗ್ನೋಲಿಯಾದಿಂದ ಪ್ರತ್ಯೇಕವಲ್ಲವೆಂದು ತಿಳಿದ ಮೇಲೆ ಅದು ಮ್ಯಾಗ್ನೋಲಿಯಾ ಚಂಪಕವಾಗಿ ಫ್ರಾನ್ಸಿನ ಮ್ಯಾಗ್ನೋಲನ ಮನೆಗೆ ಬಂದಿತು. ಗಿಡಗಳನ್ನು ಕುಟುಂಬಗಳಾಗಿ ಕಾಣಬೇಕೆಂಬ ಆಲೋಚನೆಯನ್ನು 1689ರಲ್ಲಿಯೇ ಮುಂದಿಟ್ಟವನು ಈ ಮ್ಯಾಗ್ನೋಲ್ ಆದ್ದರಿಂದ ಸಂಪಿಗೆಗೆ ಅಪಮಾನವೇನೂ ಆಗಿಲ್ಲ. ಚಂಪಕ ಎಂಬ ನಮ್ಮ ಪದವಂತೂ ಮನೆ ಬದಲಾದರೂ ಜೊತೆಯಲ್ಲಿಯೇ ಹೋಯಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ತಾವರೆಯ ವಂಶಾವಳಿ. ತಾವರೆ ಮತ್ತು ನೈದಿಲೆ ಒಂದೇ ಕೆರೆಯಲ್ಲಿ ಬೆಳೆಯುವ ಅಕ್ಕತಂಗಿಯರೆಂದು ನಮ್ಮ ಕವಿಗಳಂತೆ ಲಿನೇಯಸನೂ ನಂಬಿ, ತಾವರೆಯನ್ನು ನೈದಿಲೆಯ ಕುಲವಾದ ನಿಂಫಿಯಾದಲ್ಲಿಯೇ ಇಟ್ಟಿದ್ದ. ಅದು ಮುಂದೆ ನೆಲಂಬೋ ಎಂಬ ಸ್ವಂತ ಕುಲವಾಯಿತು. 20ನೇ ಶತಮಾನದ ಕೊನೆಯಲ್ಲಿ ಡಿಎನ್‌ಎಯನ್ನು ಓದಿ ಸಂಬಂಧ ನಿರ್ಣಯಿಸತೊಡಗಿದಾಗ ನೈದಿಲೆಯು ತಾವರೆಗೆ ಬಹುದೂರದವಳೆಂದು ಗೊತ್ತಾಯಿತು; ನೀರಿನ ಬಾಳು ಇಬ್ಬರಿಗೂ ಒಂದೇ ಬಗೆಯ ರೂಪ ಕೊಟ್ಟಿದ್ದಿತಷ್ಟೆ. 1998ರ ವರ್ಗೀಕರಣದಲ್ಲಿ ತಾವರೆಯು ಕಾಶ್ಮೀರದ ಚಿನಾರ್ ಮರ ಮತ್ತು ಓಕ್ ಅಲ್ಲದೆಯೂ ಓಕ್ ಎನಿಸಿಕೊಂಡಿರುವ ಸಿಲ್ವರ್ ಓಕ್ ಇರುವ ಗಣಕ್ಕೆ ಸೇರಿತು. ಇವು ಕವಲೊಡೆದು ಹತ್ತು ಕೋಟಿ ವರ್ಷಗಳಿಗೂ ಮೇಲಾಗಿರುವುದರಿಂದ ಮುಖಹೋಲಿಕೆಯನ್ನು ಹುಡುಕಿ ಪ್ರಯೋಜನವಿಲ್ಲ. ಹುಡುಕುವ ಹಟವಿದ್ದವರಿಗೆ ಸಿಲ್ವರ್ ಓಕ್ ಮರಗಳು ಕೊಡಗಿನ ಕಾಫಿ ತೋಟಗಳಲ್ಲಿ ಬೇಕಾದಷ್ಟಿವೆ, ಹೆಚ್ಚಿನವುಗಳ ಮೈಮೇಲೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ.