ಮಿತಿ ಹಾಕಿದ್ದು ಪುಟಿತಕ್ಕೆ ಮಾತ್ರ

2011ರಲ್ಲಿ ಬ್ಯಾಟಿನಿಂದ ಚೆಂಡು ಎಷ್ಟು ಪುಟಿಯಬಹುದು ಎಂಬುದಕ್ಕೆ 0.50ರ ಮಿತಿ ಹಾಕುವ ಬಿಬಿಕೋರ್ ನಿಯಮ ಬಂದ ಮೇಲೆ ಅಮೆರಿಕದ ಕಾಲೇಜು ಬೇಸ್‌ಬಾಲಿನಲ್ಲಿ ಲೋಹದ ಬ್ಯಾಟಿಗೂ ಮರದ್ದಕ್ಕೂ ವ್ಯತ್ಯಾಸವೇ ಉಳಿದಿಲ್ಲ ಎಂದು ಬರೆದಿದ್ದೀರಿ. ಒಪ್ಪಲಾರೆ. ಆ ಮಿತಿ ಚೆಂಡು ಪುಟಿಯುವುದಕ್ಕೆ ಮಾತ್ರ. ಟೊಳ್ಳಾದ ಲೋಹದ ಬ್ಯಾಟಿನ ತೂಕವನ್ನು ಈಗಲೂ ಹಿಡಿಕೆಯ ಕಡೆ ಇಡಬಹುದು, ಬೀಸುವುದು ಸುಲಭ.

ನನ್ನ ಮಗ ಪಿಚರ್, ಚೆಂಡು ಎಸೆಯುವವನು. ಬ್ಯಾಟರ್‌ನ ಮೈಯತ್ತ ನುಗ್ಗಿಸಿದ ಅವನ ಒಳ್ಳೆಯ ಎಸೆತ ಹಿಡಿಕೆಯ ಹತ್ತಿರ ತಾಗಿದರೆ ಮರದ ಬ್ಯಾಟು ಚಟ್ಟನೆ ಸೀಳುತ್ತದೆ, ಚೆಂಡು ಮಗನ ಕಾಲ ಬಳಿಗೇ ಉರುಳಿ ಬರುತ್ತದೆ. ಲೋಹದ ಬ್ಯಾಟಾದರೆ ಅದೇ ಚೆಂಡು ಎರಡನೇ ಬೇಸಿನ ಹಿಂದೆ ಮೆತ್ತಗೆ ಬಿದ್ದು ಸಿಂಗಲ್, ಬ್ಯಾಟರ್ ಮೊದಲ ಬೇಸ್ ತಲುಪಿಬಿಡುತ್ತಾನೆ! ಬೇಸಿಗೆಯ ಕೇಪ್ ಕಾಡ್ ಲೀಗಿನಲ್ಲಿ ಕಾಲೇಜು ಹುಡುಗರು 1985ರಿಂದ ಮರದಲ್ಲೇ ಆಡುತ್ತಿದ್ದಾರಲ್ಲ. ಮರ ಬೇಡ ಎನ್ನುವುದಾದರೆ ಮುರಿದ ಬ್ಯಾಟುಗಳ ಖರ್ಚು ತಾಳಲಾಗದು ಎನ್ನಿ, ಕೇಳುತ್ತೇನೆ. ಎರಡೂ ಒಂದೇ ಎನ್ನಬೇಡಿ.